ಮರ್ಜ್ ಸಾರ್ಟ್: ಉತ್ತರದಲ್ಲಿ ಎರಡು ಸಂಖ್ಯೆ ಕಾಣೆಯಾಗುತ್ತಿವೆ, ಎಲ್ಲಿ ತಪ್ಪಿದೆ?

ಕೋಡ್_ಕಲಿಕೆ:

ಎಲ್ಲರಿಗೂ ನಮಸ್ಕಾರ. ಪೈಥಾನ್‌ನಲ್ಲಿ ಮರ್ಜ್ ಸಾರ್ಟ್ (ಲಿಸ್ಟನ್ನು ಏರಿಕೆ ಕ್ರಮಕ್ಕೆ ತರುವ ಒಂದು ವಿಧಾನ) ಬರೆಯುತ್ತಿದ್ದೇನೆ. ಲಿಸ್ಟನ್ನು ಅರ್ಧರ್ಧ ಮಾಡುತ್ತಾ ಇಳಿಯಬೇಕು, ಒಂದೊಂದೇ ಉಳಿದ ಮೇಲೆ ಜೋಡಿಸಿಕೊಂಡು ಮೇಲೆ ಬರಬೇಕು ಎನ್ನುವವರೆಗೆ ಅರ್ಥವಾಗಿದೆ. ಜೋಡಿಸುವಾಗ ಒಳಗೆ ಏನು ನಡೆಯುತ್ತದೆ ಅನ್ನುವುದು ಇನ್ನೂ ಕೈಗೆ ಸಿಕ್ಕಿಲ್ಲ. ಕೋಡಿನ ಹಂತಗಳು ಹೀಗಿವೆ:

```
ಸಾರ್ಟ್(ಲಿಸ್ಟ್):
    ಉದ್ದ(ಲಿಸ್ಟ್) == 0 ಆದರೆ:
        ಲಿಸ್ಟ್ ವಾಪಸ್
    ನಡು = ಉದ್ದ(ಲಿಸ್ಟ್) // 2
    ಎಡ = ಸಾರ್ಟ್(ಲಿಸ್ಟ್[0 : ನಡು])
    ಬಲ = ಸಾರ್ಟ್(ಲಿಸ್ಟ್[ನಡು : ])
    ಮರ್ಜ್(ಎಡ, ಬಲ) ವಾಪಸ್

ಮರ್ಜ್(ಎಡ, ಬಲ):
    ಫಲ = []
    ಎಡ, ಬಲ ಎರಡೂ ಖಾಲಿಯಾಗದೆ ಇರುವವರೆಗೆ:
        ಎಡ[0] < ಬಲ[0] ಆದರೆ:
            ಫಲ.ಸೇರಿಸು(ಎಡ.ಪಾಪ್(0))
        ಇಲ್ಲದಿದ್ದರೆ:
            ಫಲ.ಸೇರಿಸು(ಬಲ.ಪಾಪ್(0))
    ಫಲ + ಎಡ ವಾಪಸ್
```

ಹೀಗೇ ಓಡಿಸಿದರೆ ರಿಕರ್ಶನ್ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು) ಮಿತಿ ಮೀರಿತು ಎಂಬ ಎರರ್ ಬರುತ್ತದೆ. ಮಿತಿಯನ್ನು 10,000ಕ್ಕೆ ಏರಿಸಿದರೂ ಅದೇ ಕಥೆ. ಮೊದಲ ಷರತ್ತನ್ನು `<= 1` ಮಾಡಿದರೆ ಓಡುತ್ತದೆ, ಆದರೆ `[52, 17, 88, 35, 17, 64, 9]` ಕೊಟ್ಟರೆ `[9, 17, 17, 35, 52]` ಬರುತ್ತದೆ. 64 ಮತ್ತು 88 ಎಲ್ಲಿ ಹೋದವು?

ಇನ್ನೆರಡು ವಿಷಯ. 2 ಲಕ್ಷ ಸಂಖ್ಯೆ ಕೊಟ್ಟರೆ ವಿಪರೀತ ನಿಧಾನ. ಹೆಸರಿನ ಕ್ರಮದಲ್ಲಿರುವ ಅಂಕಪಟ್ಟಿಯನ್ನು ಅಂಕದ ಮೇಲೆ ಸಾರ್ಟ್ ಮಾಡಿದರೆ ಒಂದೇ ಅಂಕ ಪಡೆದವರ ಹೆಸರುಗಳು ಹಿಂದುಮುಂದಾಗುತ್ತವೆ. ಇದು ಮರ್ಜ್ ಸಾರ್ಟ್‌ನ ಗುಣವೋ ನನ್ನ ಕೋಡಿನ ದೋಷವೋ?

---

ನಡುಬಿಂದು:

ನಾಲ್ಕೂ ಕೋಡಿನ ದೋಷಗಳೇ. ಮರ್ಜ್ ಸಾರ್ಟ್‌ನ ಮೇಲೆ ಹೊರಿಸುವಂಥದ್ದು ಒಂದೂ ಇಲ್ಲ. ಮೊದಲೆರಡಕ್ಕೆ ನಾನು ಉತ್ತರಿಸುತ್ತೇನೆ.

ರಿಕರ್ಶನ್ ಎರರ್: ಒಂದೇ ಸಂಖ್ಯೆ ಇರುವ `[17]` ಬಂದಾಗ ಏನಾಗುತ್ತದೆ ನೋಡಿ. ಉದ್ದ 1, ನಡು = 1 // 2 = 0. ಎಡಭಾಗ ಖಾಲಿ. ಬಲಭಾಗ `ಲಿಸ್ಟ್[0 : ]`, ಅಂದರೆ ಮತ್ತೆ ಅದೇ `[17]`. ಅದು ಮತ್ತೆ `[17]` ಅನ್ನೇ ಕರೆಯುತ್ತದೆ. ಚಿಕ್ಕದಾಗದ ಲಿಸ್ಟಿಗೆ ತಳವಿಲ್ಲ, ಮಿತಿ ಎಷ್ಟು ಏರಿಸಿದರೂ ಅಷ್ಟೂ ತುಂಬುತ್ತದೆ.

ಇಲ್ಲೊಂದು ಲೆಕ್ಕ ಕಟ್ಟಾಗಿ ನೆನಪಿಟ್ಟುಕೊಳ್ಳಿ. ಪ್ರತಿ ಹಂತದಲ್ಲೂ ಅರ್ಧವಾಗುವುದರಿಂದ 2 ಲಕ್ಷ ಸಂಖ್ಯೆಗೆ ಆಳ ಸುಮಾರು 18, 10 ಲಕ್ಷಕ್ಕೆ 20, 100 ಕೋಟಿಗೂ 30 ಅಷ್ಟೇ. ಪೈಥಾನ್‌ನ ಮಿತಿ ಮಾಮೂಲಿಯಾಗಿ 1,000. ಹಾಗಾಗಿ ಮರ್ಜ್ ಸಾರ್ಟ್‌ನಲ್ಲಿ ಆ ಎರರ್ ಕಂಡರೆ ಮಿತಿ ಏರಿಸುವ ಮಾತೇ ಬೇಡ. ತಳದ ಷರತ್ತು ತಪ್ಪಿದೆ, ಇಲ್ಲವೇ ಭಾಗ ಮಾಡುವ ಗಡಿ ತಪ್ಪಿದೆ.

ಈಗ ಕಾಣೆಯಾದ ಸಂಖ್ಯೆಗಳು. `<= 1` ಮಾಡಿದ ಮೇಲೆ ನಿಮ್ಮ ಲಿಸ್ಟ್ ಹೀಗೆ ಒಡೆಯುತ್ತದೆ:

```
[52, 17, 88]            [35, 17, 64, 9]
[52]   [17, 88]         [35, 17]    [64, 9]
       [17] [88]        [35] [17]   [64] [9]
```

ಎಡಗಡೆಯ ತಳದಲ್ಲಿ `[17]` ಮತ್ತು `[88]` ಕೂಡುತ್ತವೆ. 17 ಚಿಕ್ಕದು, ಅದು ಫಲಕ್ಕೆ ಹೋಯಿತು. ಎಡ ಖಾಲಿಯಾಯಿತು, ಲೂಪ್ ನಿಂತಿತು. ಬಲದಲ್ಲಿ 88 ಇನ್ನೂ ಕೂತಿದೆ. ನೀವು ವಾಪಸ್ ಕೊಡುತ್ತಿರುವುದು `ಫಲ + ಎಡ`, ಅಂದರೆ `[17]` ಮಾತ್ರ. 88 ಅಲ್ಲೇ ಹೋಯಿತು. ಬಲಗಡೆ `[17, 35]` ಮತ್ತು `[9, 64]` ಕೂಡುವಾಗ 9, 17, 35 ಹೋದ ಮೇಲೆ ಎಡ ಖಾಲಿ, 64 ಬಲದಲ್ಲೇ ಉಳಿದು ಬಿದ್ದುಹೋಯಿತು. ಎಡದಲ್ಲಿ ಉಳಿದದ್ದನ್ನು ಮಾತ್ರ ಸೇರಿಸುವ ಕೋಡಿನಲ್ಲಿ, ಬಲದ ಕೊನೆಯಲ್ಲಿ ದೊಡ್ಡ ಸಂಖ್ಯೆ ಬಂದಾಗಲೆಲ್ಲ ಅದು ಉದುರುತ್ತದೆ.

ಕೊನೆಯ ಸಾಲನ್ನು `ಫಲ ವಾಪಸ್` ಎಂದಷ್ಟೇ ಬರೆದು ಒಮ್ಮೆ ಓಡಿಸಿ. ಉತ್ತರ ಬರೀ `[9]` ಬರುತ್ತದೆ. ಯಾವ ಲಿಸ್ಟ್ ಕೊಟ್ಟರೂ ಅದರ ಅತಿ ಚಿಕ್ಕ ಸಂಖ್ಯೆ ಒಂದೇ ಉಳಿಯುತ್ತದೆ, ಏಕೆಂದರೆ ತಳದಲ್ಲಿ ಒಂದೊಂದರ ಜೋಡಿಯಿಂದ ಒಂದೇ ಮೇಲೆ ಬರುತ್ತದೆ, ಅಂಥ ಎರಡು ಸೇರಿದರೆ ಮತ್ತೆ ಒಂದೇ. ಹೀಗೆ ಬಂದಾಗ ಬೇರೆಲ್ಲೂ ಹುಡುಕಬೇಡಿ, ಮಿಕ್ಕಿದ್ದನ್ನು ಸೇರಿಸುವ ಸಾಲು ನೋಡಿ.

ಸರಿಯಾಗಿದ್ದರೆ ಕೊನೆಯ ಜೋಡಣೆ `[17, 52, 88]` ಮತ್ತು `[9, 17, 35, 64]` ನಡುವೆ ಆಗಬೇಕು. 17ಕ್ಕಿಂತ 9 ಚಿಕ್ಕದು, 9 ಹೋಯಿತು. 17 ಮತ್ತು 17 ಸಮ, ಎಡದ 17 ಹೋಗಲಿ. 52 ಎದುರು 17, ಬಲದ 17 ಹೋಯಿತು. 52 ಎದುರು 35, 35 ಹೋಯಿತು. 52 ಎದುರು 64, 52 ಹೋಯಿತು. 88 ಎದುರು 64, 64 ಹೋಯಿತು. ಬಲ ಖಾಲಿ, ಉಳಿದ 88 ಹೋಲಿಕೆಯಿಲ್ಲದೆ ಹಿಂದೆ ಸೇರುತ್ತದೆ. ಆರು ಹೋಲಿಕೆ. ಇಡೀ ಸಾರ್ಟ್‌ಗೆ ಒಟ್ಟು 14, ಏಳು ಸಂಖ್ಯೆಗೆ ಮರ್ಜ್ ಸಾರ್ಟ್ ಅದಕ್ಕಿಂತ ಹೆಚ್ಚು ಹೋಲಿಕೆ ಮಾಡುವುದೇ ಇಲ್ಲ.

ನನ್ನ ಖಚಿತ ಅಭಿಪ್ರಾಯ: ಈ ಅಲ್ಗಾರಿದಮ್ ಕಲಿಯುವವರು ಸಾರ್ಟ್ ಫಂಕ್ಷನ್ನಿಂದ ಶುರು ಮಾಡಬಾರದು. ಮೊದಲು ಮರ್ಜ್ ಒಂದನ್ನೇ ಬರೆದು, ಅದನ್ನೊಂದನ್ನೇ ಪರೀಕ್ಷಿಸಿ. ಒಡೆಯುವುದರಲ್ಲಿ ಕೆಲಸವೇನೂ ಇಲ್ಲ, ಕ್ರಮ ಹುಟ್ಟುವುದೆಲ್ಲ ಮರ್ಜ್‌ನಲ್ಲಿ. ನಿಮ್ಮ ಮರ್ಜ್‌ಗೆ ಇವಿಷ್ಟನ್ನು ಕೊಟ್ಟು ನೋಡಿ:

```
[]        []
[]        [5]
[5]       []
[1, 2]    [3, 4]
[3, 4]    [1, 2]
[2]       [2]
```

ಎರಡನೆಯದಕ್ಕೆ ಖಾಲಿ ಲಿಸ್ಟ್ ಬರುತ್ತದೆ, ನಾಲ್ಕನೆಯದಕ್ಕೆ `[1, 2]` ಮಾತ್ರ. ಆದರೆ ಐದನೆಯದು ಚೆನ್ನಾಗಿ `[1, 2, 3, 4]` ಬರುತ್ತದೆ. ಅದೊಂದನ್ನೇ ನೋಡಿದವರು ಕೋಡ್ ಸರಿಯಿದೆ ಅಂದುಕೊಂಡು ಮುಂದೆ ಹೋಗುತ್ತಾರೆ.

---

ಸಾಲು_ಸಾಲು:

ಮೇಲಿನ ಉತ್ತರಕ್ಕೆ ಸೇರಿಸಿ, ನಿಧಾನ ಮತ್ತು ಹೆಸರು ಹಿಂದುಮುಂದಾಗುವುದು, ಎರಡೂ ಇದೇ ಮರ್ಜ್‌ನಲ್ಲಿವೆ.

ನಿಧಾನಕ್ಕೆ ಕಾರಣ `ಪಾಪ್(0)`. ಪೈಥಾನ್ ಲಿಸ್ಟ್‌ನ ತಲೆಯಿಂದ ಒಂದನ್ನು ತೆಗೆದರೆ ಹಿಂದಿರುವುದೆಲ್ಲ ಒಂದೊಂದು ಮನೆ ಮುಂದೆ ಸರಿಯಬೇಕು. 2 ಲಕ್ಷದ ಲಿಸ್ಟ್‌ನಲ್ಲಿ ಕೊನೆಯ ಜೋಡಣೆಗೆ ಎರಡು ಕಡೆ ಒಂದೊಂದು ಲಕ್ಷ ಇರುತ್ತವೆ. ಒಂದು ಲಕ್ಷವನ್ನು ಹೀಗೆ ತಲೆಯಿಂದ ತೆಗೆದು ಮುಗಿಸಲು ಸುಮಾರು 500 ಕೋಟಿ ಸಲ ಸರಿಸಬೇಕು, ಎರಡೂ ಕಡೆಗೆ 1,000 ಕೋಟಿ. ಅದೂ ಮೇಲಿನ ಒಂದೇ ಹಂತಕ್ಕೆ. ಸರಿಯಾಗಿ ಬರೆದರೆ ಹದಿನೆಂಟೂ ಹಂತ ಸೇರಿ 36 ಲಕ್ಷ ನಕಲು ಸಾಕು. ಪುಸ್ತಕದಲ್ಲಿ ಎನ್ ಲಾಗ್ ಎನ್ (ಎನ್ ಅಂದರೆ ಸಂಖ್ಯೆಗಳ ಎಣಿಕೆ, ಲಾಗ್ ಎನ್ ಅಂದರೆ ಹಂತಗಳು) ಅಂತ ಓದಿ, ಕೋಡಿನಲ್ಲಿ ಎನ್ ವರ್ಗ ಬರೆದಂತಾಗಿದೆ.

ಏನನ್ನೂ ತೆಗೆಯಬೇಡಿ. ಎರಡು ಇಂಡೆಕ್ಸ್ (ಸ್ಥಾನದ ಸಂಖ್ಯೆ) ಇಟ್ಟುಕೊಂಡು ಅವನ್ನೇ ಮುಂದೆ ನಡೆಸಿ:

```
ಮರ್ಜ್(ಎಡ, ಬಲ):
    ಫಲ = []
    ಐ = 0
    ಜೆ = 0
    ಐ < ಉದ್ದ(ಎಡ) ಮತ್ತು ಜೆ < ಉದ್ದ(ಬಲ) ಇರುವವರೆಗೆ:
        ಎಡ[ಐ] <= ಬಲ[ಜೆ] ಆದರೆ:
            ಫಲ.ಸೇರಿಸು(ಎಡ[ಐ])
            ಐ = ಐ + 1
        ಇಲ್ಲದಿದ್ದರೆ:
            ಫಲ.ಸೇರಿಸು(ಬಲ[ಜೆ])
            ಜೆ = ಜೆ + 1
    ಫಲ + ಎಡ[ಐ : ] + ಬಲ[ಜೆ : ] ವಾಪಸ್
```

ಕೊನೆಯ ಸಾಲಿನಲ್ಲಿ ಎರಡನ್ನೂ ಸೇರಿಸಿದ್ದೇನೆ. ಒಂದು ಹೇಗೂ ಖಾಲಿ ಇರುತ್ತದೆ, ಯಾವುದು ಅಂತ ಪರೀಕ್ಷಿಸುವ ಗೋಜೇ ಬೇಡ.

ಈಗ `<` ಮತ್ತು `<=`. ಶಾಲೆಯ ಪ್ರಾರ್ಥನೆಗೆ ಎತ್ತರದ ಪ್ರಕಾರ ನಿಂತ ಎರಡು ಸಾಲನ್ನು ಒಂದು ಮಾಡುವಾಗ, ಮುಂದಿರುವ ಇಬ್ಬರೂ ಒಂದೇ ಎತ್ತರವಿದ್ದರೆ ಯಾರನ್ನು ಮೊದಲು ಕಳಿಸಬೇಕು ಎನ್ನುವ ಪ್ರಶ್ನೆ ಇದು. ಎಡದ ಲಿಸ್ಟ್‌ನಲ್ಲಿರುವುದು ಮೂಲದಲ್ಲೂ ಮೊದಲೇ ಇತ್ತು, ಆದ್ದರಿಂದ ಸಮ ಬಂದರೆ ಎಡಕ್ಕೇ ಪ್ರಾಶಸ್ತ್ಯ. ನಿಮ್ಮ ಕೋಡಿನಲ್ಲಿ ಸಮ ಬಂದರೆ ಬಲದ್ದು ಹೋಗುತ್ತದೆ. ಮೂರೇ ಸಾಲಿನ ಉದಾಹರಣೆ:

```
ಅನಿಲ   72
ಗೀತಾ   65
ಮಂಜು   72
```

ನಡು = 1. ಎಡದಲ್ಲಿ ಅನಿಲ, ಬಲದಲ್ಲಿ ಗೀತಾ ಮತ್ತು ಮಂಜು. 65 ಹೋದ ಮೇಲೆ 72 ಎದುರು 72. `<` ಸುಳ್ಳಾಗುತ್ತದೆ, ಮಂಜು ಮೊದಲು ಹೋಗಿ ಅನಿಲ ಹಿಂದೆ ಬೀಳುತ್ತಾನೆ. `<=` ಇದ್ದರೆ ಗೀತಾ, ಅನಿಲ, ಮಂಜು. ಇದನ್ನೇ ಸ್ಟೇಬಲ್ ಸಾರ್ಟ್ ಅನ್ನುವುದು. ಬರೀ ಸಂಖ್ಯೆಗಳ ಲಿಸ್ಟ್‌ನಲ್ಲಿ ಎರಡು 17ರಲ್ಲಿ ಯಾವುದು ಮೊದಲು ಬಂತೆಂದು ಕಾಣುವುದಿಲ್ಲ, ಹಾಗಾಗಿ ಈ ದೋಷ ಎಷ್ಟೋ ದಿನ ಅಡಗಿ ಕೂರುತ್ತದೆ. ಪರೀಕ್ಷಿಸುವಾಗ ಹೆಸರು ಮತ್ತು ಅಂಕದ ಜೋಡಿಯನ್ನೇ ಕೊಡಿ.

ಹೆಚ್ಚಿನ ಅಂಕ ಮೇಲೆ ಬರಬೇಕಾದರೆ ಏರಿಕೆ ಕ್ರಮದಲ್ಲಿ ಸಾರ್ಟ್ ಮಾಡಿ ಲಿಸ್ಟನ್ನು ತಿರುಗಿಸುವವರಿದ್ದಾರೆ. ಹಾಗೆ ಮಾಡಿದರೆ ಸಮ ಅಂಕದವರ ಕ್ರಮವೂ ತಿರುಗುತ್ತದೆ. ಹೋಲಿಕೆಯನ್ನೇ `>=` ಮಾಡಿ.

ಪರೀಕ್ಷೆಗೆ: 0ಯಿಂದ 50ರವರೆಗಿನ ಉದ್ದದ ರ್ಯಾಂಡಮ್ ಲಿಸ್ಟ್‌ಗಳು, ಅದರಲ್ಲಿ ಸಂಖ್ಯೆಗಳು 0ಯಿಂದ 9 ಮಾತ್ರ (ಸಮ ಬರುವುದು ಹೆಚ್ಚಲಿ ಎಂದು), ಪ್ರತಿ ಸಂಖ್ಯೆಗೂ ಅದರ ಮೂಲ ಸ್ಥಾನ ಅಂಟಿಸಿ. ಮೊದಲ ಅಂಶವನ್ನಷ್ಟೇ ಹೋಲಿಸುವಂತೆ ನಿಮ್ಮದನ್ನೂ ಪೈಥಾನ್‌ನ `ಸಾರ್ಟೆಡ್` ಅನ್ನೂ ಓಡಿಸಿ, ಉತ್ತರ ತಾಳೆ ಹಾಕಿ. ಪೈಥಾನಿನದು ಸ್ಟೇಬಲ್ ಎಂಬ ಖಾತರಿ ಇದೆ, ಹಾಗಾಗಿ ಎರಡೂ ಅಕ್ಷರಶಃ ಒಂದೇ ಆಗಿರಬೇಕು. 2002ರಲ್ಲಿ ಟಿಮ್ ಪೀಟರ್ಸ್ ಪೈಥಾನ್‌ಗಾಗಿ ಬರೆದ ಟಿಮ್‌ಸಾರ್ಟ್ ಕೂಡ ಮರ್ಜ್ ಮೇಲೆಯೇ ನಿಂತದ್ದು, ಆಗಲೇ ಕ್ರಮದಲ್ಲಿರುವ ತುಣುಕುಗಳನ್ನು ಹುಡುಕಿ ಜೋಡಿಸುತ್ತದೆ.

---

ಕೋಡ್_ಕಲಿಕೆ:

ಇಬ್ಬರಿಗೂ ಧನ್ಯವಾದ. `<=` ಮತ್ತು ಇಂಡೆಕ್ಸ್ ಹಾಕಿದ ಮೇಲೆ ರ್ಯಾಂಡಮ್ ಪರೀಕ್ಷೆಗಳೆಲ್ಲ ತಾಳೆಯಾದವು. ಇದನ್ನೇ ಸಿ ಭಾಷೆಯಲ್ಲಿ ಬರೆಯಬೇಕಿದೆ. ಅಲ್ಲಿ ಲಿಸ್ಟ್ ಕತ್ತರಿಸುವ ಸೌಕರ್ಯವಿಲ್ಲವಲ್ಲ, ಗಡಿಗಳನ್ನು ಹೇಗೆ ಇಟ್ಟುಕೊಳ್ಳಬೇಕು? ಇನ್ನೊಂದು: ಕನ್ನಡ ಹೆಸರುಗಳನ್ನು ಸಾರ್ಟ್ ಮಾಡಿದರೆ ‘ಬಳೆ’ ಎಂಬುದು ‘ಬಸವ’ಕ್ಕಿಂತ ಮೊದಲು ಬರುತ್ತಿದೆ. ನಿಘಂಟಿನಲ್ಲಿ ಹಾಗಿಲ್ಲ.

---

ಬಫರ್_ಒಂದೇ:

ಸಿ ಬಗ್ಗೆ ಹೇಳುತ್ತೇನೆ. ಕೆಳಗೆ ಅರೇ ಅಂದರೆ ಅಲ್ಲಿನ ಲಿಸ್ಟ್, ಬಫರ್ ಅಂದರೆ ಜೋಡಿಸುವಾಗ ಬಳಸುವ ತಾತ್ಕಾಲಿಕ ಅರೇ. ಗಡಿಗೆ ಒಂದೇ ಪದ್ಧತಿ ಹಿಡಿಯಿರಿ: ಆರಂಭ ಸೇರಿದೆ, ಅಂತ್ಯ ಸೇರಿಲ್ಲ. ಉದ್ದ ಅಂದರೆ ಅಂತ್ಯ ಕಳೆ ಆರಂಭ, ಎಲ್ಲೂ ಒಂದು ಕೂಡಿಸುವ, ಕಳೆಯುವ ತಾಪತ್ರಯ ಇರುವುದಿಲ್ಲ.

```
ಸಾರ್ಟ್(ಅರೇ, ಬಫರ್, ಆರಂಭ, ಅಂತ್ಯ):
    ಅಂತ್ಯ - ಆರಂಭ <= 1 ಆದರೆ: ವಾಪಸ್
    ನಡು = ಆರಂಭ + (ಅಂತ್ಯ - ಆರಂಭ) / 2
    ಸಾರ್ಟ್(ಅರೇ, ಬಫರ್, ಆರಂಭ, ನಡು)
    ಸಾರ್ಟ್(ಅರೇ, ಬಫರ್, ನಡು, ಅಂತ್ಯ)
    ಅರೇ[ನಡು - 1] <= ಅರೇ[ನಡು] ಆದರೆ: ವಾಪಸ್

    ಐ = ಆರಂಭ;  ಜೆ = ನಡು;  ಕೆ = ಆರಂಭ
    ಕೆ < ಅಂತ್ಯ ಇರುವವರೆಗೆ:
        ಐ < ನಡು ಮತ್ತು (ಜೆ == ಅಂತ್ಯ ಅಥವಾ ಅರೇ[ಐ] <= ಅರೇ[ಜೆ]) ಆದರೆ:
            ಬಫರ್[ಕೆ] = ಅರೇ[ಐ];  ಐ = ಐ + 1
        ಇಲ್ಲದಿದ್ದರೆ:
            ಬಫರ್[ಕೆ] = ಅರೇ[ಜೆ];  ಜೆ = ಜೆ + 1
        ಕೆ = ಕೆ + 1
    ಬಫರ್‌ನ ಆರಂಭದಿಂದ ಅಂತ್ಯದವರೆಗಿನದನ್ನು ಅರೇಯ ಅದೇ ಜಾಗಕ್ಕೆ ನಕಲಿಸು
```

ಷರತ್ತಿನಲ್ಲಿ `ಜೆ == ಅಂತ್ಯ` ಮೊದಲು, ಹೋಲಿಕೆ ಆಮೇಲೆ. ಅದಲುಬದಲಾದರೆ ಅರೇಯ ಆಚೆಗಿನ ಮೆಮೊರಿ ಓದಿದಂತಾಗುತ್ತದೆ. ಸಿ ಅದಕ್ಕೆ ಎರರ್ ಕೊಡಬೇಕೆಂದಿಲ್ಲ, ಕಸ ಓದಿ ಮುಂದೆ ಹೋಗಲೂಬಹುದು.

ಎರಡೂ ತುದಿ ಸೇರಿರುವ ಪದ್ಧತಿ ಹಿಡಿದವರು `(ಆರಂಭ, ನಡು)` ಮತ್ತು `(ನಡು + 1, ಅಂತ್ಯ)` ಎಂದು ಒಡೆಯಬೇಕು. ಅದರ ಬದಲು `(ಆರಂಭ, ನಡು - 1)` ಮತ್ತು `(ನಡು, ಅಂತ್ಯ)` ಬರೆದರೆ ಎರಡು ಸಂಖ್ಯೆ ಉಳಿದಾಗ, ಆರಂಭ 0, ಅಂತ್ಯ 1, ನಡು 0 ಆಗಿ ಬಲಭಾಗ ಮತ್ತೆ `(0, 1)`. ನಿಮ್ಮ ಪೈಥಾನ್‌ನಲ್ಲಿ ಆದದ್ದೇ ಇಲ್ಲೂ ಆಗುತ್ತದೆ, ವ್ಯತ್ಯಾಸವೆಂದರೆ ಸಿ ಸಂದೇಶ ಕೊಡುವುದಿಲ್ಲ, ಸೆಗ್ಮೆಂಟೇಶನ್ ಫಾಲ್ಟ್ ಎಂದು ಸಾಯುತ್ತದೆ.

ನಕಲಿಸುವ ಕೊನೆಯ ಹಂತದಲ್ಲಿ ಬಹಳ ಜನ ಎಡವುತ್ತಾರೆ. ಬಫರನ್ನು 0ಯಿಂದ ತುಂಬಿ, ಅರೇಗೂ 0ಯಿಂದಲೇ ಬರೆಯುತ್ತಾರೆ. ಎಡಭಾಗ ಸರಿ ಬರುತ್ತದೆ, ಏಕೆಂದರೆ ಅದರ ಆರಂಭ ನಿಜವಾಗಿಯೂ 0. ಬಲಭಾಗದ ಸರದಿ ಬಂದಾಗ ಅದರ ಉತ್ತರ ಎಡಭಾಗದ ಮೇಲೆ ಕೂತು ಅದನ್ನು ಅಳಿಸುತ್ತದೆ. ಉತ್ತರದಲ್ಲಿ ಕೆಲವು ಸಂಖ್ಯೆ ಎರಡೆರಡು ಸಲ ಬಂದು ಕೆಲವು ಇಲ್ಲವೇ ಇಲ್ಲ ಅಂದರೆ ಈ ಸಾಲನ್ನೇ ನೋಡಿ.

ಬಫರನ್ನು ಒಮ್ಮೆ ಮಾತ್ರ, ಹೊರಗಿನ ಫಂಕ್ಷನ್‌ನಲ್ಲಿ, ಮ್ಯಾಲಾಕ್ ಮಾಡಿ (ಮೆಮೊರಿ ಕೇಳಿ ಪಡೆದು) ಕೊನೆಯಲ್ಲಿ ಫ್ರೀ ಮಾಡಿ (ಬಿಟ್ಟುಕೊಡಿ). ಪ್ರತಿ ಮರ್ಜ್‌ನಲ್ಲೂ ಮ್ಯಾಲಾಕ್ ಮಾಡಿದರೆ 2 ಲಕ್ಷ ಸಂಖ್ಯೆಗೆ 1,99,999 ಸಲ ಮಾಡಿದಂತೆ. ಮ್ಯಾಲಾಕ್ ಬೇಡವೆಂದು ಫಂಕ್ಷನ್ ಒಳಗೇ ಅರೇ ಘೋಷಿಸುವುದು ಇನ್ನೂ ಅಪಾಯ: 4 ಬೈಟಿನ 30 ಲಕ್ಷ ಸಂಖ್ಯೆಗೆ 1.2 ಕೋಟಿ ಬೈಟ್ ಬೇಕು, ಲಿನಕ್ಸ್‌ನಲ್ಲಿ ಸ್ಟ್ಯಾಕ್ (ಫಂಕ್ಷನ್ ಒಳಗೆ ಘೋಷಿಸಿದ್ದು ಕೂರುವ ಮೆಮೊರಿ) ಸಾಮಾನ್ಯವಾಗಿ 8 ಎಂಬಿ. ಚಿಕ್ಕ ಪರೀಕ್ಷೆಯಲ್ಲಿ ಪಾಸಾಗಿ ದೊಡ್ಡದರಲ್ಲಿ ಬೀಳುತ್ತದೆ.

ನಡುವನ್ನು `(ಆರಂಭ + ಅಂತ್ಯ) / 2` ಎಂದು ಬರೆಯಬೇಡಿ. 32 ಬಿಟ್ ಇಂಟ್‌ನ ಗರಿಷ್ಠ ಬೆಲೆ 2,14,74,83,647. ಮೊತ್ತ ಅದನ್ನು ದಾಟಿದರೆ ಸಾಮಾನ್ಯವಾಗಿ ಋಣ ಸಂಖ್ಯೆಯಾಗಿ ಇಂಡೆಕ್ಸ್ ಹಾಳಾಗುತ್ತದೆ. ಜಾವಾದ ಲೈಬ್ರರಿಯ ಬೈನರಿ ಸರ್ಚ್‌ನಲ್ಲೇ ಈ ದೋಷ ಸುಮಾರು ಒಂಬತ್ತು ವರ್ಷ ಇತ್ತು, ಅದನ್ನು ಬರೆದ ಜೋಶುವಾ ಬ್ಲಾಕ್ 2006ರಲ್ಲಿ ಬಹಿರಂಗವಾಗಿ ವಿವರಿಸಿದರು, ಮರ್ಜ್ ಸಾರ್ಟ್‌ಗೂ ಇದು ಅನ್ವಯಿಸುತ್ತದೆ ಎಂದರು. ಪೈಥಾನ್‌ನ ಪೂರ್ಣಾಂಕಕ್ಕೆ ಮಿತಿ ಇಲ್ಲ, ಅಲ್ಲಿ ಈ ಚಿಂತೆ ಬೇಡ.

`ಅರೇ[ನಡು - 1] <= ಅರೇ[ನಡು]` ಎಂಬ ಒಂದು ಸಾಲಿಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಎಡದ ಕೊನೆಯದು ಬಲದ ಮೊದಲನೆಯದನ್ನು ಮೀರಿಲ್ಲವೆಂದರೆ ಜೋಡಿಸಲು ಏನೂ ಉಳಿದಿಲ್ಲ. ಈಗಾಗಲೇ ಕ್ರಮದಲ್ಲಿರುವ ಅರೇಗೆ ಒಟ್ಟು ಹೋಲಿಕೆಗಳು ಎನ್ ಕಳೆ 1ಕ್ಕೆ ಇಳಿಯುತ್ತವೆ.

---

ಓದುಗ_ಕ್ಯೂ:

ಮಧ್ಯೆ ಒಂದು ಪ್ರಶ್ನೆ. ಬಫರ್ ಇಲ್ಲದ ಕ್ವಿಕ್ ಸಾರ್ಟ್ ಇರುವಾಗ ಇಷ್ಟೆಲ್ಲ ಯಾಕೆ?

---

ಬಫರ್_ಒಂದೇ:

ಬರೀ ಸಂಖ್ಯೆಗಳ ಅರೇಗೆ ಕ್ವಿಕ್ ಸಾರ್ಟ್ ಒಳ್ಳೆಯದೇ. ಟೋನಿ ಹೋರ್ 1961ರಲ್ಲಿ ಪ್ರಕಟಿಸಿದ್ದು, ಇವತ್ತಿಗೂ ಬಳಕೆಯಲ್ಲಿದೆ. ಆದರೆ ಮಾಮೂಲಿ ಕ್ವಿಕ್ ಸಾರ್ಟ್ ಸ್ಟೇಬಲ್ ಅಲ್ಲ, ಇಲ್ಲಿ ಕೇಳಿದ ಅಂಕಪಟ್ಟಿಗೆ ಅದು ಒಗ್ಗುವುದಿಲ್ಲ. ಮೊದಲ ಅಂಶವನ್ನೇ ಪಿವಟ್ (ಚಿಕ್ಕವು ಒಂದು ಕಡೆ, ದೊಡ್ಡವು ಇನ್ನೊಂದು ಕಡೆ ಎಂದು ಒಡೆಯಲು ಆರಿಸಿದ ಅಂಶ) ಮಾಡಿ ಬರೆದು, ಆಗಲೇ ಕ್ರಮದಲ್ಲಿರುವ 2 ಲಕ್ಷ ಸಂಖ್ಯೆ ಕೊಟ್ಟರೆ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ 1,99,999 ಬೀಳುತ್ತದೆ. ಆಳ 18ರ ಬದಲು 2 ಲಕ್ಷದ ಹತ್ತಿರ ಹೋಗುತ್ತದೆ. ಪಿವಟ್ಟನ್ನು ರ್ಯಾಂಡಮ್ ಆಗಿ ಆರಿಸಿದರೆ ಇದು ತಪ್ಪುತ್ತದೆ, ಖಾತರಿ ಮಾತ್ರ ಸಿಗುವುದಿಲ್ಲ. ಮರ್ಜ್ ಸಾರ್ಟ್‌ಗೆ ಯಾವ ಡೇಟಾ ಕೊಟ್ಟರೂ 10 ಲಕ್ಷಕ್ಕೆ 1.9 ಕೋಟಿ ಹೋಲಿಕೆಯೊಳಗೇ ಮುಗಿಯುತ್ತದೆ. ಲಿಂಕ್ಡ್ ಲಿಸ್ಟ್ (ಪ್ರತಿ ಅಂಶವೂ ಮುಂದಿನದನ್ನು ತೋರಿಸುವ ಪಾಯಿಂಟರ್ ಇಟ್ಟುಕೊಂಡದ್ದು) ಆದರಂತೂ ಮರ್ಜ್ ಸಾರ್ಟೇ ಸೈ, ಪಾಯಿಂಟರ್ ಬದಲಿಸಿದರಾಯಿತು, ಬಫರೂ ಬೇಡ.

---

ಅಕ್ಷರ_ಕ್ರಮ:

‘ಬಳೆ’ ಮತ್ತು ‘ಬಸವ’ದ ಪ್ರಶ್ನೆ ಉಳಿದಿದೆ. ನಿಮ್ಮ ಮರ್ಜ್‌ನಲ್ಲಿ ದೋಷವಿಲ್ಲ, ಹೋಲಿಕೆಯಲ್ಲಿದೆ. ಪೈಥಾನ್ ಎರಡು ಪದಗಳನ್ನು ಯೂನಿಕೋಡ್ ಸಂಖ್ಯೆಯ ಮೇಲೆ ಹೋಲಿಸುತ್ತದೆ. ಅಲ್ಲಿ ಲ 3250, ಳ 3251, ವ 3253, ಶ 3254, ಷ 3255, ಸ 3256, ಹ 3257. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ. ಯೂನಿಕೋಡ್ ಪಟ್ಟಿಯಲ್ಲಿ ಅದು ಲ ಪಕ್ಕದಲ್ಲಿದೆ, ಅದಕ್ಕೇ ‘ಬಳೆ’ ಮೊದಲು ಬಂತು.

ಪ್ರತಿ ಪದಕ್ಕೂ ಒಂದು ಕೀ ತಯಾರಿಸಿ: ಅಕ್ಷರಗಳ ಸಂಖ್ಯೆಗಳ ಲಿಸ್ಟ್, ಅದರಲ್ಲಿ 3251 ಇದ್ದಲ್ಲಿ 3258. ಆ ಸಂಖ್ಯೆಗೆ ಯಾವ ಅಕ್ಷರವೂ ಇಲ್ಲ, ಸ್ವರಚಿಹ್ನೆಗಳು 3262ರಿಂದ ಶುರುವಾಗುತ್ತವೆ, ಹಾಗಾಗಿ ಳ ಸರಿಯಾಗಿ ಹ ನಂತರ ಕೂರುತ್ತದೆ. ಕೀಯನ್ನು ಮರ್ಜ್ ಒಳಗೆ ಹೋಲಿಸುವಾಗ ಕಟ್ಟಬೇಡಿ. 2 ಲಕ್ಷ ಹೆಸರಿದ್ದರೆ ಹೋಲಿಕೆಗಳು 30 ಲಕ್ಷ ಮೀರುತ್ತವೆ, ಪ್ರತಿ ಸಲ ಎರಡೆರಡು ಕೀ ಕಟ್ಟಬೇಕಾಗುತ್ತದೆ. ಮೊದಲೇ ಕೀ ಮತ್ತು ಹೆಸರಿನ ಜೋಡಿ ಮಾಡಿಟ್ಟು, ಜೋಡಿಗಳನ್ನು ಕೀ ಮೇಲೆ ಸಾರ್ಟ್ ಮಾಡಿ, ಕೊನೆಗೆ ಹೆಸರನ್ನಷ್ಟೇ ತೆಗೆದುಕೊಳ್ಳಿ.

ಕೀ ಕಟ್ಟುವ ಮುನ್ನ ಇನ್ನೊಂದು ಕೆಲಸ ಬಾಕಿ ಇದೆ. ‘ಕೊ’ ಎಂಬುದನ್ನು ಕಂಪ್ಯೂಟರ್ ಎರಡು ರೀತಿ ಇಟ್ಟುಕೊಂಡಿರಬಹುದು: ಕ ಜೊತೆ ಒತ್ವದ ಒಂದೇ ಚಿಹ್ನೆ 3274, ಅಥವಾ ಎತ್ವ 3270 ಮತ್ತು ಊತ್ವ 3266 ಬೇರೆ ಬೇರೆಯಾಗಿ. ಕಣ್ಣಿಗೆ ಎರಡೂ ಒಂದೇ, ಹೋಲಿಕೆಗೆ ಬೇರೆ. ಬೇರೆ ಬೇರೆ ಕಡೆಯಿಂದ ಬಂದ ಪಟ್ಟಿಗಳನ್ನು ಸೇರಿಸಿದಾಗ ಒಂದೇ ಹೆಸರು ಎರಡು ಕಡೆ ಚದುರಿ ಕಂಡರೆ ಮೊದಲು ಇದನ್ನು ಶಂಕಿಸಿ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಎಂಬ ಫಂಕ್ಷನ್ ಇದೆ, ಅದಕ್ಕೆ ಎನ್ಎಫ್‌ಸಿ ಎಂದು ಹೇಳಿದರೆ ಒಡೆದು ಕೂತ ಚಿಹ್ನೆಗಳು ಒಂದಾಗುತ್ತವೆ. ಆ ಸಾಲನ್ನು ಕೀ ಕಟ್ಟುವ ಫಂಕ್ಷನ್ನಿನ ಮೊದಲಿಗೆ ಹಾಕಿ, ಆಮೇಲೆ 3251 ಬದಲಿಸಿ.